ಮಿಲ್ಟನ್ ಚಂಡಮಾರುತ ಬಂದು ಹೋದ ಮೇಲೆ ನಮ್ಮ ಅಂಗಳಕ್ಕೆ ಮರ ಹುಡುಕಿದ ಕಥೆ

ಅಮೆರಿಕದ ಫ್ಲಾರಿಡಾದಲ್ಲಿ ಮನೆ ಮಾಡಿಕೊಂಡಿರುವ ಕನ್ನಡದವರು ಈಗ ಬಹಳ ಜನ ಇದ್ದಾರೆ. ಚಂಡಮಾರುತ ಬರುವ ಮೊದಲು ಏನು ಮಾಡಬೇಕು ಅಂತ ಎಲ್ಲರೂ ಹೇಳಿಕೊಡುತ್ತಾರೆ. ನೀರು ತುಂಬಿಟ್ಟುಕೊಳ್ಳಿ, ಕಿಟಕಿಗೆ ಹಲಗೆ ಹೊಡೆಸಿ, ಕಾರಿಗೆ ಪೆಟ್ರೋಲ್ ಹಾಕಿಸಿ. ಆದರೆ ಅಂಗಳದ ಮರ ಬಿದ್ದುಹೋದರೆ ಆಮೇಲೆ ಏನು, ಆ ಜಾಗಕ್ಕೆ ಯಾವ ಮರ ತರಬೇಕು, ಯಾರ ಒಪ್ಪಿಗೆ ಬೇಕು, ಎಷ್ಟು ಖರ್ಚು ಬರುತ್ತದೆ ಅಂತ ಹೇಳುವವರು ಕಡಿಮೆ. ನಮಗೆ ಈ ಕೆಲಸ ಮುಗಿಯುವಷ್ಟರಲ್ಲಿ ಮುಂದಿನ ಮಳೆಗಾಲ ಬಂದಿತ್ತು. ಈಗಷ್ಟೇ ಕೊನೆಯ ಗಿಡ ನೆಟ್ಟು ಮುಗಿಸಿದ್ದೇವೆ. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ನಾವಿರುವುದು ಟ್ಯಾಂಪಾ ನಗರದ ಹೊರಗೆ, ಒಂದು ಹಳೆಯ ಬಡಾವಣೆಯಲ್ಲಿ. 2024ರ ಸೆಪ್ಟೆಂಬರ್ 26ರಂದು ಹೆಲೀನ್ ಚಂಡಮಾರುತ ರಾಜ್ಯದ ಉತ್ತರ ಭಾಗಕ್ಕೆ ಬಡಿಯಿತು. ನಮ್ಮ ಕಡೆ ಕರಾವಳಿಯ ಮನೆಗಳಿಗೆ ಸಮುದ್ರದ ನೀರು ನುಗ್ಗಿತು. ಎರಡು ವಾರ ಕಳೆಯುವಷ್ಟರಲ್ಲಿ, ಅಕ್ಟೋಬರ್ 9ರ ರಾತ್ರಿ, ಮಿಲ್ಟನ್ ಸಿಯೆಸ್ಟಾ ಕೀ ಹತ್ತಿರ ದಡ ಸೇರಿತು. ಅದರ ಕಣ್ಣು, ಅಂದರೆ ನಡುಭಾಗ, ನಮಗಿಂತ ದಕ್ಷಿಣಕ್ಕೆ ಹೋಯಿತು. ಹಾಗಾಗಿ ಸಮುದ್ರದ ನೀರು ಈ ಸಲ ನಮ್ಮ ಕಡೆ ಏರಲಿಲ್ಲ. ಆದರೆ ಮಳೆ! ಪಕ್ಕದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 18 ಇಂಚಿಗಿಂತ ಜಾಸ್ತಿ ಸುರಿಯಿತು. ನೆಲ ಮೊದಲೇ ನೆನೆದಿತ್ತು. ನೆನೆದ ಮರಳು ಮಣ್ಣಿನಲ್ಲಿ ಬೇರಿಗೆ ಹಿಡಿತವೇ ಇರುವುದಿಲ್ಲ. ನಮ್ಮ ಹಿತ್ತಲಿನ ಓಕ್ ಮರ ರಾತ್ರಿ ಹತ್ತರ ಸುಮಾರಿಗೆ ಬುಡಸಮೇತ ಉರುಳಿತು. ಕೊಂಬೆ ಮುರಿದ ಸದ್ದು ಕೇಳಿಸಲಿಲ್ಲ. ಮನೆಯೇ ಒಮ್ಮೆ ನಡುಗಿದ ಹಾಗಾಯಿತು.

ಬೆಳಿಗ್ಗೆ ನೋಡಿದರೆ ಮರ ಬೇಲಿಯನ್ನು ನೆಲಕ್ಕೆ ಒರಗಿಸಿ ಅರ್ಧ ಪಕ್ಕದ ಮನೆಯ ಅಂಗಳದಲ್ಲಿ ಬಿದ್ದಿತ್ತು. ಬೇರಿನ ತಟ್ಟೆ ನನಗಿಂತ ಎತ್ತರಕ್ಕೆ ಎದ್ದು ನಿಂತಿತ್ತು. ಸ್ಪ್ರಿಂಕ್ಲರ್ ಪೈಪುಗಳು ಬೇರಿಗೆ ಸಿಕ್ಕಿಕೊಂಡು ಹರಿದಿದ್ದವು. ಮಗಳು ಹುಟ್ಟಿದ ವರ್ಷ ನಾವು ಈ ಮನೆಗೆ ಬಂದಿದ್ದು. ಆ ಮರದ ನೆರಳಿನಲ್ಲೇ ಅವಳು ಬೆಳೆದಿದ್ದಳು. ಅವಳು ಅತ್ತಳು, ನಾನೂ ಅತ್ತೆ. ನೆರಳು ಹೋಗಿದ್ದು ಎಷ್ಟು ದೊಡ್ಡ ನಷ್ಟ ಅಂತ ಗೊತ್ತಾಗಿದ್ದು ಮಾತ್ರ ಮಧ್ಯಾಹ್ನದ ಮೇಲೆ. ಪಶ್ಚಿಮದ ಬಿಸಿಲು ನೇರ ಅಡುಗೆಮನೆಗೆ ನುಗ್ಗಿತು. ಕರೆಂಟ್ ಇರಲಿಲ್ಲ. ರಾಜ್ಯದಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಮನೆ ಅಂಗಡಿಗಳಿಗೆ ಆಗ ಕರೆಂಟ್ ಹೋಗಿತ್ತು. ನಮ್ಮ ಸರದಿ ಬರಲು ಸುಮಾರು ದಿನ ಹಿಡಿಯಿತು.

ಮೊದಲ ದಿನವೇ ತಿಳಿದಿರಬೇಕಾದ ಒಂದು ವಿಷಯ ಹೇಳಿಬಿಡುತ್ತೇನೆ. ಬುಡಸಮೇತ ಬಿದ್ದ ಮರದ ಕಾಂಡವನ್ನು ಕತ್ತರಿಸಿದಾಗ, ಎದ್ದು ನಿಂತ ಬೇರಿನ ತಟ್ಟೆ ಒಮ್ಮೆಲೇ ಹಿಂದಕ್ಕೆ ಮಗುಚಿ ಗುಂಡಿಗೆ ಕೂರಬಹುದು. ಆ ಗುಂಡಿಯಲ್ಲಿ ಯಾರಾದರೂ ನಿಂತಿದ್ದರೆ ಬದುಕುವುದು ಕಷ್ಟ. ಮಕ್ಕಳಿಗೆ ಅಂಥ ಗುಂಡಿ ಅಂದರೆ ಆಟದ ಜಾಗ. ಅತ್ತ ಬಿಡಲೇಬೇಡಿ. ನೀವೇ ಗರಗಸ ಹಿಡಿದು ಹೋಗುವುದೂ ಬೇಡ. ಕೊಂಬೆಗಳ ನಡುವೆ ಕರೆಂಟ್ ತಂತಿ ಕಂಡರೆ ಮುಟ್ಟದೆ ವಿದ್ಯುತ್ ಕಂಪನಿಗೆ ಫೋನ್ ಮಾಡಿ. ಮರವನ್ನು ಅಲ್ಲಾಡಿಸುವ ಮುಂಚೆ ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಬೇರು, ಬುಡ, ಕಾಂಡದ ಒಳಭಾಗ, ಬೇಲಿ, ಪೈಪು, ಎಲ್ಲದರದ್ದೂ ಬೇಕು.

ವಿಮೆಯವರಿಗೆ ಫೋನ್ ಮಾಡಿದೆವು. ಇಲ್ಲಿ ಬಹಳ ಜನರಿಗೆ ಆಗುವ ನಿರಾಸೆ ನಮಗೂ ಆಯಿತು. ಮನೆ ವಿಮೆಯಲ್ಲಿ ಚಂಡಮಾರುತಕ್ಕೆ ಬೇರೆಯೇ ಡಿಡಕ್ಟಿಬಲ್, ಅಂದರೆ ವಿಮೆಯವರು ಕೊಡುವ ಮೊದಲು ನಾವೇ ಹಾಕಬೇಕಾದ ದುಡ್ಡು, ಇರುತ್ತದೆ. ಅದು ಸಾಮಾನ್ಯವಾಗಿ ಮನೆಗೆ ಮಾಡಿಸಿದ ವಿಮೆಯ ಮೊತ್ತದಲ್ಲಿ ಶೇಕಡಾ 2, 5 ಅಥವಾ 10. ನಾಲ್ಕು ಲಕ್ಷ ಡಾಲರಿನ ವಿಮೆಗೆ ಶೇಕಡಾ 2 ಅಂದರೆ ಮೊದಲ 8,000 ಡಾಲರ್ ನಮ್ಮ ಕೈಯಿಂದಲೇ. ನಮ್ಮ ಬೇಲಿ, ಪೈಪು, ಮರ ತೆಗೆಸುವ ಖರ್ಚು ಎಲ್ಲ ಸೇರಿದರೂ ಅಷ್ಟಾಗಲಿಲ್ಲ. ಇನ್ನು ಮರದ ಬೆಲೆ? ಹೆಚ್ಚಿನ ಪಾಲಿಸಿಗಳು ಗಾಳಿಗೆ ಬಿದ್ದ ಗಿಡಮರಗಳಿಗೆ ಏನೂ ಕೊಡುವುದಿಲ್ಲ. ಮರ ಮನೆಯ ಮೇಲೋ ಬೇಲಿಯ ಮೇಲೋ ಬಿದ್ದರೆ, ಅಥವಾ ಕಾರು ಹೊರಗೆ ಬರದ ಹಾಗೆ ದಾರಿ ಕಟ್ಟಿದರೆ, ತೆಗೆಸಲು ಒಂದಿಷ್ಟು ದುಡ್ಡು ಕೊಡುವುದುಂಟು. ಅದೂ ಡಿಡಕ್ಟಿಬಲ್ ದಾಟಿದ ಮೇಲೆ. ನಿಮ್ಮ ಪಾಲಿಸಿಯಲ್ಲಿ ಆ ಪುಟ ಎಲ್ಲಿದೆ ಅಂತ ಇವತ್ತೇ ಹುಡುಕಿ ಓದಿಟ್ಟುಕೊಳ್ಳಿ.

ಪಕ್ಕದ ಮನೆಯವರು ವಯಸ್ಸಾದ ದಂಪತಿ, ಒಳ್ಳೆಯವರು. ಆದರೂ ಅವರ ಅಂಗಳದಲ್ಲಿ ಬಿದ್ದ ಅರ್ಧ ಮರ ಯಾರ ಹೊಣೆ ಅನ್ನುವ ಪ್ರಶ್ನೆ ಇಬ್ಬರನ್ನೂ ಕಾಡಿತು. ಫ್ಲಾರಿಡಾದಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ. ಚೆನ್ನಾಗಿದ್ದ ಮರ ಬಿರುಗಾಳಿಗೆ ಬಿದ್ದರೆ, ಬಿದ್ದ ಕಡೆಯವರು ತಮ್ಮ ವಿಮೆಯಿಂದಲೇ ನೋಡಿಕೊಳ್ಳಬೇಕು. ಮರ ಸತ್ತಿದೆ, ಅಪಾಯ ಇದೆ ಅಂತ ಗೊತ್ತಿದ್ದೂ ಸುಮ್ನೆ ಬಿಟ್ಟಿದ್ದರೆ ಹೊಣೆ ಮರದ ಒಡೆಯರ ಮೇಲೆ ಬರಬಹುದು. ನಾವು ಇಬ್ಬರೂ ಮಾತಾಡಿ ಒಬ್ಬನೇ ಕೆಲಸದವನನ್ನು ಕರೆಸಿ ಖರ್ಚು ಹಂಚಿಕೊಂಡೆವು. ಇದರಿಂದ ಇಬ್ಬರಿಗೂ ದುಡ್ಡು ಉಳಿಯಿತು, ಮನಸ್ಸೂ ಕೆಡಲಿಲ್ಲ.

ಮರ ಕಡಿಯುವವರ ವಿಷಯಕ್ಕೆ ಬರುತ್ತೇನೆ. ಚಂಡಮಾರುತ ಹೋದ ಮರುದಿನದಿಂದಲೇ ಬೇರೆ ರಾಜ್ಯಗಳ ಟ್ರಕ್ಕುಗಳು ಬೀದಿಬೀದಿಗೆ ಬರುತ್ತವೆ. ಬಾಗಿಲು ತಟ್ಟಿ, "ಇವತ್ತೇ ಮಾಡಿಕೊಡ್ತೀವಿ, ಅರ್ಧ ದುಡ್ಡು ಈಗಲೇ ಕೊಡಿ" ಅನ್ನುತ್ತಾರೆ. ನಮಗೆ ಮೊದಲು ಸಿಕ್ಕವನು ಕೇಳಿದ್ದು 6,500 ಡಾಲರ್. ಬೇರು ತೆಗೆಯುವುದು ಅದರಲ್ಲಿ ಸೇರಿರಲಿಲ್ಲ. ಮನೆಯ ಮೇಲೆ ಮರ ಕೂತಿಲ್ಲದಿದ್ದರೆ ಅವಸರ ಪಡಬೇಡಿ. ಕಾಯ್ದರೆ ರೇಟು ಇಳಿಯುತ್ತದೆ. ನಾವು ಐಎಸ್‌ಎ ಸರ್ಟಿಫೈಡ್ ಆರ್ಬರಿಸ್ಟ್ (ಅಂತರರಾಷ್ಟ್ರೀಯ ಸಂಘದ ಪ್ರಮಾಣಪತ್ರ ಪಡೆದ ಮರಗಳ ತಜ್ಞ) ಇರುವ ಊರಿನ ಕಂಪನಿಗೆ ಕಾಯ್ದೆವು. ಕೊನೆಗೆ 2,800 ಡಾಲರಿಗೆ ಎರಡೂ ಅಂಗಳದ ಕೆಲಸ ಮುಗಿಯಿತು. ಯಾರೇ ಬರಲಿ, ಹೊಣೆಗಾರಿಕೆ ವಿಮೆ ಮತ್ತು ಕೆಲಸಗಾರರ ವಿಮೆಯ ಪ್ರಮಾಣಪತ್ರ ಕೇಳಿ. ಅದರ ಮೇಲಿರುವ ವಿಮೆ ಏಜೆಂಟಿಗೆ ಫೋನ್ ಮಾಡಿ ನಿಜವೇ ಅಂತ ಕೇಳಿ. ಕೆಲಸದವನು ನಿಮ್ಮ ಅಂಗಳದಲ್ಲಿ ಬಿದ್ದು ಕೈಕಾಲು ಮುರಿದುಕೊಂಡರೆ, ವಿಮೆ ಇಲ್ಲದವನಾದರೆ, ಆ ಭಾರ ನಿಮ್ಮ ತಲೆಗೆ ಬರಬಹುದು. ವಿಮೆಯ ಹಕ್ಕನ್ನು ಅವರಿಗೆ ಬರೆದುಕೊಡುವ ಕಾಗದಕ್ಕಂತೂ ಸಹಿ ಹಾಕಬೇಡಿ.

ಕಡಿದ ಕೊಂಬೆಗಳನ್ನು ರಸ್ತೆ ಬದಿಗೆ ಒಟ್ಟಿದೆವು. ಕೌಂಟಿಯ (ನಮ್ಮ ಜಿಲ್ಲೆಯ ಹಾಗಿನ ಆಡಳಿತ) ಲಾರಿ ದೊಡ್ಡ ಕಬ್ಬಿಣದ ಪಂಜ ಹಿಡಿದು ಬಂದು ಎತ್ತಿಕೊಂಡು ಹೋಗುತ್ತದೆ. ಆದರೆ ಯಾವಾಗ ಅಂತ ಯಾರೂ ಹೇಳಲಾರರು. ನಮ್ಮ ರಾಶಿ ಡಿಸೆಂಬರ್‌ವರೆಗೆ ಅಲ್ಲೇ ಇತ್ತು. ಅಷ್ಟರಲ್ಲಿ ಎಲೆ ಕೊಳೆತು ವಾಸನೆ ಶುರುವಾಗಿತ್ತು. ಮರದ ಕಸ ಬೇರೆ, ಬೇಲಿಯ ಹಲಗೆ ಬೇರೆ, ಮನೆಯ ಸಾಮಾನು ಬೇರೆ ರಾಶಿ ಮಾಡಿ. ಬೆರೆಸಿದರೆ ಬಿಟ್ಟುಹೋಗುತ್ತಾರೆ. ನೀರಿನ ಮೀಟರ್, ಅಂಚೆ ಡಬ್ಬ, ತಂತಿಯ ಕೆಳಗೆ ಹಾಕಬೇಡಿ, ಪಂಜ ಅಲ್ಲಿಗೆ ಬರುವುದಿಲ್ಲ.

ಆರ್ಬರಿಸ್ಟ್ ಬಂದ ದಿನ ನಮಗೆ ಇನ್ನೊಂದು ಆಘಾತ ಕಾದಿತ್ತು. ಮನೆಯ ಮುಂದೆ, ಡ್ರೈವ್‌ವೇ ಮತ್ತು ಫುಟ್‌ಪಾತ್ ನಡುವೆ ಅದೇ ಜಾತಿಯ ಇನ್ನೊಂದು ಮರ ಇತ್ತು. ನೋಡಲು ಗಟ್ಟಿಮುಟ್ಟಾಗಿತ್ತು. ಅವರು ಮರದ ಸುತ್ತಿಗೆಯಿಂದ ಬುಡಕ್ಕೆ ತಟ್ಟುತ್ತಾ ಸುತ್ತು ಬಂದರು. ಒಂದು ಕಡೆ ಟೊಳ್ಳು ಸದ್ದು ಬಂತು. "ಎರಡೂ ಲಾರೆಲ್ ಓಕ್" ಅಂದರು. ನಾವು ಅಷ್ಟು ವರ್ಷ ಅದನ್ನು ಲೈವ್ ಓಕ್ ಅಂದುಕೊಂಡಿದ್ದೆವು. ಮನೆ ಮಾರಿದವರು ಹಾಗೆಂದೇ ಹೇಳಿದ್ದರು. ಎರಡಕ್ಕೂ ಬಹಳ ವ್ಯತ್ಯಾಸ. ಲಾರೆಲ್ ಓಕ್ ಬೇಗ ಬೆಳೆಯುತ್ತದೆ, ಅದಕ್ಕೇ ಎಷ್ಟೋ ಬಡಾವಣೆಗಳಲ್ಲಿ ಅದನ್ನು ನೆಟ್ಟಿದ್ದಾರೆ. ಆದರೆ ಆಯಸ್ಸು ಕಡಿಮೆ. ಐವತ್ತು ವರ್ಷ ಸಮೀಪಿಸುವಷ್ಟರಲ್ಲಿ ಒಳಗೆ ಕೊಳೆಯಲು ಶುರುವಾಗಿರುತ್ತದೆ. ಲೈವ್ ಓಕ್ ನಿಧಾನ, ಅಡ್ಡಕ್ಕೆ ಹರಡುತ್ತದೆ, ಶತಮಾನ ಕಂಡವು ಇವೆ. ಲೈವ್ ಓಕ್ ಎಲೆ ದಪ್ಪ, ಅಂಚು ಕೆಳಗೆ ಮಡಚಿದ ಹಾಗಿರುತ್ತದೆ. ಲಾರೆಲ್ ಓಕ್ ಎಲೆ ತೆಳು, ಚಪ್ಪಟೆ. ನಿಮ್ಮ ಅಂಗಳದಲ್ಲಿ ಓಕ್ ಇದ್ದರೆ ಹೋಗಿ ಒಂದು ಎಲೆ ಕಿತ್ತು ನೋಡಿ.

ನಿಂತಿರುವ ಮರ ತೆಗೆಸಲು ಊರಿನ ಅನುಮತಿ ಬೇಕು ಅನ್ನುವ ಭಯ ಎಲ್ಲರಿಗೂ ಇರುತ್ತದೆ. ಫ್ಲಾರಿಡಾದಲ್ಲಿ 2019ರಲ್ಲಿ ಬಂದ ಕಾನೂನೊಂದಿದೆ, ಕಲಂ 163.045. ಮರ ಅಪಾಯಕಾರಿ ಅಂತ ಸರ್ಟಿಫೈಡ್ ಆರ್ಬರಿಸ್ಟ್ ಪರೀಕ್ಷಿಸಿ ಬರೆದುಕೊಟ್ಟರೆ, ಮನೆಯ ಜಾಗದಲ್ಲಿರುವ ಮರಕ್ಕೆ ನಗರವೋ ಕೌಂಟಿಯೋ ಅನುಮತಿ ಕೇಳುವ ಹಾಗಿಲ್ಲ. ಅದರ ಬದಲಿಗೆ ಇನ್ನೊಂದು ನೆಡಲೇಬೇಕು ಅಂತಲೂ ಹೇಳುವ ಹಾಗಿಲ್ಲ. ಆ ಪತ್ರ ಮೊದಲು ಕೈಗೆ ಬರಲಿ, ಮರ ಆಮೇಲೆ ಉರುಳಲಿ. ಬರೀ ಬಾಯಿಮಾತು ಸಾಲದು. ಆದರೆ ಇಲ್ಲೊಂದು ತೊಡಕು ಇದೆ. ಈ ಕಾನೂನು ಕಟ್ಟಿಹಾಕುವುದು ನಗರ ಮತ್ತು ಕೌಂಟಿಯನ್ನು. ಬಡಾವಣೆಯ ಎಚ್‌ಒಎಗೆ, ಅಂದರೆ ಮನೆ ಮಾಲೀಕರ ಸಂಘಕ್ಕೆ, ಅದರದೇ ನಿಯಮ ಇರುತ್ತದೆ. ನಮ್ಮ ಎಚ್‌ಒಎಗೆ ಮರ ತೆಗೆಯಲು ಒಂದು ಅರ್ಜಿ, ಹೊಸದು ನೆಡಲು ಇನ್ನೊಂದು ಅರ್ಜಿ. ಪ್ರತಿ ಅರ್ಜಿಗೂ ಸೈಟಿನ ನಕ್ಷೆ, ಮರದ ಜಾತಿ, ಎತ್ತರ, ಕಾಂಡದ ದಪ್ಪ, ಫೋಟೋ. ಸಮಿತಿ ಸೇರುವುದು ತಿಂಗಳಿಗೊಮ್ಮೆ. ಒಂದು ಕಾಗದ ಕಡಿಮೆಯಾದರೆ ಮುಂದಿನ ತಿಂಗಳು.

ಮುಂದಿನ ಮರವನ್ನೂ ತೆಗೆಸಿದ ಮೇಲೆ ಜನವರಿಯಲ್ಲಿ ಎರಡೂ ಬುಡಗಳನ್ನು ಯಂತ್ರದಿಂದ ಅರೆಸಿದೆವು. ಒಂದೊಂದಕ್ಕೆ ಮುನ್ನೂರು ಡಾಲರಿನ ಆಸುಪಾಸು. ಅರೆದಾಗ ಬರುವ ಮರದ ಪುಡಿಯನ್ನು ಗುಂಡಿಯಲ್ಲೇ ಬಿಟ್ಟು ಅದರಲ್ಲಿ ಗಿಡ ನೆಡುವುದು ಬೇಡ. ಪುಡಿ ಕೊಳೆಯುವಾಗ ಮಣ್ಣಿನ ಸಾರಜನಕ ಎಳೆದುಕೊಳ್ಳುತ್ತದೆ, ನೆಲವೂ ಕುಸಿಯುತ್ತದೆ. ಪುಡಿ ತೆಗೆಸಿ ಮಣ್ಣು ತುಂಬಿಸಿ, ಹೊಸ ಗಿಡವನ್ನು ಹಳೆಯ ಬುಡದಿಂದ ಕೆಲವು ಅಡಿ ಆಚೆ ಇಡಿ.

ಇನ್ನು ಮರ ಆರಿಸುವ ಮಾತು. ಇಲ್ಲೇ ನಾನು ಅತಿ ಹೆಚ್ಚು ಸಮಯ ಕೊಟ್ಟಿದ್ದು, ಇಲ್ಲೇ ಕೊಡಬೇಕು ಅಂತ ಎಲ್ಲರಿಗೂ ಹೇಳುವುದು.

ಫ್ಲಾರಿಡಾ ವಿಶ್ವವಿದ್ಯಾಲಯದವರು 1992ರ ಆಂಡ್ರ್ಯೂ ಚಂಡಮಾರುತದ ಕಾಲದಿಂದ ಯಾವ ಮರ ನಿಂತಿತು, ಯಾವುದು ಬಿತ್ತು ಅಂತ ಲೆಕ್ಕ ಇಟ್ಟಿದ್ದಾರೆ. ಒಂದಾದ ಮೇಲೊಂದು ಚಂಡಮಾರುತ ಹೋದ ಊರುಗಳಲ್ಲಿ ಮರಗಳನ್ನು ಎಣಿಸಿ, ಗಾಳಿಗೆ ನಿಲ್ಲುವ ಶಕ್ತಿಯ ಪ್ರಕಾರ ಪಟ್ಟಿ ಮಾಡಿದ್ದಾರೆ. ಪ್ರತಿ ಕೌಂಟಿಯಲ್ಲೂ ಜನರಿಗೆ ಸಲಹೆ ಕೊಡುವ ಅವರ ಎಕ್ಸ್‌ಟೆನ್ಶನ್ ಕಚೇರಿ ಇದೆ. ಅಲ್ಲಿ ಪ್ರಶ್ನೆ ಕೇಳಿದರೆ ದುಡ್ಡಿಲ್ಲದೆ ಉತ್ತರ ಕೊಡುತ್ತಾರೆ. ಗಟ್ಟಿಯಾಗಿ ನಿಲ್ಲುವವುಗಳಲ್ಲಿ ಲೈವ್ ಓಕ್, ಬಾಲ್ಡ್ ಸೈಪ್ರಸ್, ಸೇಬಲ್ ಪಾಮ್, ಸದರ್ನ್ ಮ್ಯಾಗ್ನೋಲಿಯಾ, ಕ್ರೇಪ್ ಮರ್ಟಲ್, ಡಹೂನ್ ಹಾಲಿ ಇವೆ. ಸೋಲುವವುಗಳಲ್ಲಿ ಲಾರೆಲ್ ಓಕ್, ವಾಟರ್ ಓಕ್, ಸ್ಯಾಂಡ್ ಪೈನ್, ಬ್ರಾಡ್‌ಫರ್ಡ್ ಪೇರ್, ಕ್ವೀನ್ ಪಾಮ್. ನಮ್ಮ ಮನೆಯವರಿಗೆ ಜಕರಂಡ ಬೇಕಿತ್ತು. ಬೆಂಗಳೂರಿನಲ್ಲಿ ಓದಿದವರು, ನೇರಳೆ ಹೂವಿನ ರಸ್ತೆ ಮರೆಯಲಾರರು. ಜಕರಂಡ, ತಬೇಬುಯಾ ಎರಡೂ ಇಲ್ಲಿ ಚೆನ್ನಾಗಿ ಬೆಳೆಯುತ್ತವೆ, ಆದರೆ ಗಾಳಿಗೆ ದುರ್ಬಲ. ಬೇಸಿಗೆಯ ಮೊದಲ ಮಳೆಗೆ ಬೆಂಗಳೂರಿನ ರಸ್ತೆಗಳಲ್ಲಿ ಗುಲ್‌ಮೊಹರ್ ಕೊಂಬೆ ಬೀಳುವುದನ್ನು ನೋಡಿಲ್ವಾ? ಹಾಗಿರುವಾಗ ಚಂಡಮಾರುತದ ಮುಂದೆ ಇವು ಎಲ್ಲಿ ನಿಲ್ಲಬೇಕು?

ನನ್ನ ಮನಸ್ಸಿದ್ದದ್ದು ಲೈವ್ ಓಕ್ ಮೇಲೆ. ಬಿದ್ದ ಮರದ ಜಾಗಕ್ಕೆ ಗಟ್ಟಿ ಓಕ್ ತಂದರೆ ಆಯಿತಲ್ಲ ಅಂತ. ಆರ್ಬರಿಸ್ಟ್ ಟೇಪು ಹಿಡಿದು ಅಂಗಳ ಅಳೆದರು. ಗಾಳಿಗೆ ನಿಲ್ಲುವ ಜಾತಿ ಅಂತ ಪಟ್ಟಿಯಲ್ಲಿದ್ದರೆ ಸಾಲದು, ಬೇರು ಹರಡಲು ಜಾಗವೂ ಬೇಕು. ಸಣ್ಣ ಮರಕ್ಕೆ ಕನಿಷ್ಠ 10 ಅಡಿಗೆ 10 ಅಡಿ, ಮಧ್ಯಮಕ್ಕೆ 20ಕ್ಕೆ 20, ದೊಡ್ಡದಕ್ಕೆ 30ಕ್ಕೆ 30 ಅಡಿಗಿಂತ ಜಾಸ್ತಿ ಖಾಲಿ ನೆಲ. ನಡುವೆ ಗೋಡೆಯ ಅಡಿಪಾಯ, ಕಾಂಕ್ರೀಟ್, ಈಜುಕೊಳ ಏನೂ ಇರಬಾರದು. ನಮ್ಮ ಹಿತ್ತಲಿನಲ್ಲಿ ಲೈವ್ ಓಕ್ ಇಟ್ಟರೆ ಒಂದು ಕಡೆ ಮನೆ, ಇನ್ನೊಂದು ಕಡೆ ಪಕ್ಕದವರ ಶೆಡ್. ಇಪ್ಪತ್ತು ವರ್ಷದ ಮೇಲೆ ಯಾರೋ ಬೇರು ಕಡಿಯುತ್ತಾರೆ. ಬೇರು ಕಡಿದ ಲೈವ್ ಓಕ್ ಕೂಡ ಬೀಳುತ್ತದೆ. ಬಿದ್ದ ನಮ್ಮ ಮರದ ಬೇರನ್ನೂ ಹಿಂದೆ ಯಾರೋ ಪೈಪಿಗಾಗಿ ಒಂದು ಕಡೆ ನೇರಕ್ಕೆ ಕತ್ತರಿಸಿದ್ದು ಎದ್ದ ತಟ್ಟೆಯಲ್ಲಿ ಕಾಣುತ್ತಿತ್ತು. ಮನಸ್ಸಿಗೆ ಕಷ್ಟ ಆಯಿತು. ಆದರೂ ಲೈವ್ ಓಕ್ ಬಿಟ್ಟೆವು.

ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ಒಂಟಿ ಮರಕ್ಕಿಂತ ಐದಾರು ಒಟ್ಟಿಗೆ ಇರುವ ಗುಂಪು ಗಾಳಿಯಲ್ಲಿ ಚೆನ್ನಾಗಿ ಉಳಿಯುತ್ತದೆ ಅಂತ ಅದೇ ವಿಶ್ವವಿದ್ಯಾಲಯದವರು ಕಂಡಿದ್ದಾರೆ. ನಾವು ಅಂಗಳದ ನಡುವೆ ಒಂದೇ ದೊಡ್ಡ ಮರ ಅಂತ ಯೋಚಿಸುತ್ತಿದ್ದೆವು. ಅಲ್ಲಿಂದ ಯೋಚನೆ ತಿರುಗಿತು. ಹಿತ್ತಲಿನ ಹಿಂದಿನ ಮೂಲೆ ತಗ್ಗು, ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ಅಲ್ಲಿಗೆ ಎರಡು ಬಾಲ್ಡ್ ಸೈಪ್ರಸ್, ಮೂರು ಸೇಬಲ್ ಪಾಮ್, ಒಟ್ಟಿಗೆ. ಸೈಪ್ರಸ್ ನೀರು ನಿಂತರೂ ತಡೆಯುತ್ತದೆ, ಅಗಲಕ್ಕಿಂತ ಎತ್ತರಕ್ಕೆ ಬೆಳೆಯುತ್ತದೆ. ಚಳಿಗಾಲದಲ್ಲಿ ಎಲೆ ಉದುರಿಸುತ್ತದೆ, ಸತ್ತಿತು ಅಂತ ಗಾಬರಿ ಆಗಬೇಡಿ. ಸೇಬಲ್ ಪಾಮ್ ಫ್ಲಾರಿಡಾದ ರಾಜ್ಯ ಮರ. ಅದಕ್ಕೊಂದು ಅಪಾಯ ಇದೆ. ಲೀಥಲ್ ಬ್ರಾಂಜಿಂಗ್ ಅನ್ನುವ ರೋಗ ನಮ್ಮ ಟ್ಯಾಂಪಾ ಭಾಗದಲ್ಲಿದೆ, ಬಂದರೆ ಪಾಮ್ ಉಳಿಯುವುದಿಲ್ಲ. ಎಲ್ಲವನ್ನೂ ಪಾಮ್ ಮಾಡದೆ ಜಾತಿ ಬೆರೆಸಿದ್ದಕ್ಕೆ ಅದೂ ಒಂದು ಕಾರಣ. ಅಡುಗೆಮನೆಯ ಪಶ್ಚಿಮದ ಬಿಸಿಲಿಗೆ ಲಿಟಲ್ ಜೆಮ್ ಅನ್ನುವ ಸಣ್ಣ ತಳಿಯ ಮ್ಯಾಗ್ನೋಲಿಯಾ. ನಮ್ಮ ಸಂಪಿಗೆಯ ಕುಲದ್ದೇ. ಬಿಳಿ ಹೂವು, ಪರಿಮಳ ಇದೆ, ವರ್ಷವಿಡೀ ಹಸಿರಾಗಿರುತ್ತದೆ.

ಅತ್ತೆ ತೀರ್ಥಹಳ್ಳಿಯಿಂದ ಫೋನ್ ಮಾಡಿದಾಗಲೆಲ್ಲ ಒಂದೇ ಮಾತು. "ಅಷ್ಟು ಜಾಗ ಇಟ್ಕೊಂಡು ಒಂದು ಮಾವಿನ ಗಿಡ ಇಲ್ವಲ್ಲೇ." ಅವರ ಮಾತು ಮೀರಲು ನನಗೂ ಇಷ್ಟ ಇರಲಿಲ್ಲ. ಮಾವು ಇಲ್ಲಿ ಬೆಳೆಯುತ್ತದೆ. ಎರಡು ಷರತ್ತು. ಎಳೆಯ ಗಿಡ ಹಿಮ ಬಿದ್ದರೆ ಸಾಯುತ್ತದೆ, ಆದ್ದರಿಂದ ಚಳಿ ಪೂರ್ತಿ ಕಳೆದ ಮೇಲೆ ನೆಡಬೇಕು, ಮನೆಯ ದಕ್ಷಿಣದ ಗೋಡೆಯ ಬೆಚ್ಚನೆಯ ಕಡೆ ಇಡಬೇಕು. 2025ರ ಜನವರಿಯಲ್ಲಿ ಪೆನ್ಸಕೋಲಾದ ಕಡೆ ಹಿಮವೇ ಸುರಿದಿತ್ತು ಅನ್ನುವುದು ನೆನಪಿರಲಿ. ಎರಡನೆಯದು, ಪ್ರತಿ ವರ್ಷ ಕಾಯಿ ಮುಗಿದ ಮೇಲೆ ಸವರಿ ಹತ್ತು ಹನ್ನೆರಡು ಅಡಿಗಿಂತ ಏರದ ಹಾಗೆ ನೋಡಿಕೊಳ್ಳಬೇಕು. ತಗ್ಗಿದ್ದಷ್ಟೂ ಗಾಳಿ ಹಿಡಿಯುವುದು ಕಡಿಮೆ, ಕಾಯಿ ಕೀಳುವುದೂ ಸುಲಭ. ಕರಿಬೇವಿನ ವಿಷಯದಲ್ಲಿ ಸ್ವಲ್ಪ ಎಚ್ಚರ. 2005ರಲ್ಲಿ ಫ್ಲಾರಿಡಾದಲ್ಲಿ ಕಂಡ ಸಿಟ್ರಸ್ ಗ್ರೀನಿಂಗ್ ರೋಗ ಇಲ್ಲಿನ ಕಿತ್ತಳೆ ತೋಟಗಳನ್ನು ಹಾಳುಮಾಡಿದೆ. ಅದನ್ನು ಹರಡುವ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಹಾಗಾಗಿ ಸ್ನೇಹಿತರ ಮನೆಯಿಂದ ಸಸಿ ತಂದು ಬೇರೆ ರಾಜ್ಯಕ್ಕೆ ಒಯ್ಯುವುದು, ಊರಿಂದ ಬೀಜ ತರುವುದು ಬೇಡ. ಪರವಾನಗಿ ಇರುವ ನರ್ಸರಿಯಿಂದಲೇ ಕೊಳ್ಳಿ.

ಮನೆಯ ಮುಂದಿನ ಮರಕ್ಕೆ ಎಚ್‌ಒಎ ಜೊತೆ ಜಗ್ಗಾಟ ನಡೆಯಿತು. ಮುಂದೆ ಒಂದು ನೆರಳಿನ ಮರ ಇರಲೇಬೇಕು, ಅದೂ ತಮ್ಮ ಪಟ್ಟಿಯಿಂದ ಅಂತ ಅವರ ನಿಯಮ. ಪಟ್ಟಿ ನೋಡಿದರೆ ಮೊದಲಿಗೇ ಲಾರೆಲ್ ಓಕ್, ಕೆಳಗೆ ಕ್ವೀನ್ ಪಾಮ್! ಬಡಾವಣೆ ಕಟ್ಟಿದಾಗ ಬರೆದಿದ್ದು, ಆಮೇಲೆ ಯಾರೂ ಮುಟ್ಟಿಲ್ಲ. ನಾವು ಡಹೂನ್ ಹಾಲಿ ಕೇಳಿದೆವು. ಮಧ್ಯಮ ಎತ್ತರ, ಅಗಲ ಕಡಿಮೆ, ಹೆಣ್ಣು ಮರಕ್ಕೆ ಕೆಂಪು ಹಣ್ಣು, ಹಕ್ಕಿಗಳು ಬರುತ್ತವೆ. ಮೊದಲ ಸಲ ತಿರಸ್ಕಾರ ಆಯಿತು. ನಾವು ಸಿಟ್ಟು ಮಾಡದೆ ಮತ್ತೆ ಅರ್ಜಿ ಹಾಕಿದೆವು. ಈ ಸಲ ವಿಶ್ವವಿದ್ಯಾಲಯದ ಪಟ್ಟಿಯ ಪುಟ, ಆರ್ಬರಿಸ್ಟ್ ಪತ್ರ, ಜಾಗದ ಅಳತೆ ಸೇರಿಸಿದೆವು. ಜೊತೆಗೆ ಫ್ಲಾರಿಡಾ ಕಾನೂನಿನ ಕಲಂ 720.3075 ನೆನಪಿಸಿದೆವು. ಫ್ಲಾರಿಡಾ ಫ್ರೆಂಡ್ಲಿ ಲ್ಯಾಂಡ್‌ಸ್ಕೇಪಿಂಗ್, ಅಂದರೆ ಇಲ್ಲಿನ ನೆಲ ಹವೆಗೆ ಹೊಂದುವ ಗಿಡಗಳ ಅಂಗಳ, ಮಾಡುವುದನ್ನು ಎಚ್‌ಒಎ ತಡೆಯುವ ಹಾಗಿಲ್ಲ ಅನ್ನುತ್ತದೆ ಅದು. ಮುಂದಿನ ಸಭೆಯಲ್ಲಿ ಒಪ್ಪಿಗೆ ಬಂತು. ಅಷ್ಟೇ ಅಲ್ಲ, ಪಟ್ಟಿ ಬದಲಿಸುವ ಮಾತೂ ಶುರುವಾಗಿದೆ. ಅದರ ಸಂತೋಷ ನನಗೆ ಮರ ನೆಟ್ಟಷ್ಟೇ ಇದೆ. ಇಡೀ ಬೀದಿಯವರು ಮತ್ತೆ ಲಾರೆಲ್ ಓಕ್ ನೆಟ್ಟಿದ್ದರೆ ನಮ್ಮ ಮಕ್ಕಳು ಇದೇ ಬೆಳಗನ್ನು ಮತ್ತೊಮ್ಮೆ ನೋಡಬೇಕಾಗುತ್ತಿತ್ತು.

ನರ್ಸರಿಗಳಲ್ಲೂ ಕಾಯಬೇಕಾಯಿತು. ಚಂಡಮಾರುತದ ಮರು ವಸಂತದಲ್ಲಿ ಊರಿಗೆ ಊರೇ ಗಿಡ ಹುಡುಕುತ್ತಿರುತ್ತದೆ. ನೆಲ ಖಾಲಿ ಕಾಣುತ್ತದೆ ಅಂತ ದೊಡ್ಡ ಮರ ತರುವ ಆಸೆ ಆಗುವುದು ಸಹಜ. ಬೇಡ ಅಂತಲೇ ಹೇಳುತ್ತೇನೆ. ಸಣ್ಣ ಗಿಡ ಬೇಗ ಬೇರು ಬಿಡುತ್ತದೆ, ಕಡಿಮೆ ನೀರು ಸಾಕು. ದೊಡ್ಡದು ತುಂಬಾ ತಿಂಗಳು ಆಸರೆ ಕೇಳುತ್ತದೆ, ಅಷ್ಟರಲ್ಲಿ ಮುಂದಿನ ಚಂಡಮಾರುತದ ಕಾಲ ಬರುತ್ತದೆ. ನಾವು ತಂದಿದ್ದು 15 ಗ್ಯಾಲನ್ ಕುಂಡದವು. ಒಂದೊಂದಕ್ಕೆ ನೂರೈವತ್ತು ಡಾಲರಿನ ಹತ್ತಿರ. ಫ್ಲಾರಿಡಾದಲ್ಲಿ ನರ್ಸರಿ ಗಿಡಗಳಿಗೆ ದರ್ಜೆ ಇದೆ. ಫ್ಲಾರಿಡಾ ಫ್ಯಾನ್ಸಿ ಅಥವಾ ಫ್ಲಾರಿಡಾ ನಂಬರ್ 1 ಕೇಳಿ. ನಡುವೆ ಒಂದೇ ನೇರ ಕಾಂಡ ಇರಬೇಕು. ಸಮ ದಪ್ಪದ ಎರಡು ಕವಲು ಒಂದೇ ಕಡೆಯಿಂದ ಎದ್ದಿದ್ದರೆ ಮುಂದೆ ಗಾಳಿಗೆ ಸೀಳುವುದು ಅಲ್ಲೇ. ಕುಂಡದಿಂದ ಎಳೆದು ಬೇರು ತೋರಿಸಿ ಅಂತ ಕೇಳಿ. ತೋರಿಸದವರ ಹತ್ತಿರ ಕೊಳ್ಳಬೇಡಿ. ಬೇರು ಕುಂಡದ ಸುತ್ತ ಸುತ್ತಿಕೊಂಡಿದ್ದರೆ, ನೆಟ್ಟ ಮೇಲೂ ಅದೇ ಚಾಳಿ ಮುಂದುವರಿಸುತ್ತದೆ, ಕೊನೆಗೆ ಕಾಂಡವನ್ನೇ ಬಿಗಿಯುತ್ತದೆ.

ಗುಂಡಿ ತೋಡುವ ಮುಂಚೆ 811ಕ್ಕೆ ಫೋನ್ ಮಾಡಬೇಕು, ನೆಲದಡಿಯ ತಂತಿ ಪೈಪು ಎಲ್ಲಿವೆ ಅಂತ ಗುರುತು ಹಾಕಿಸಲು. ಪುಕ್ಕಟೆ. ಕನಿಷ್ಠ ಎರಡು ಪೂರ್ತಿ ಕೆಲಸದ ದಿನ ಬಿಡಬೇಕು. ಕಂಪನಿಗಳವರು ಬಂದು ನೆಲದ ಮೇಲೆ ಬಣ್ಣ ಹಾಕಿ ಬಾವುಟ ಚುಚ್ಚುತ್ತಾರೆ. ಕೆಂಪು ಕರೆಂಟ್, ಹಳದಿ ಗ್ಯಾಸ್, ಕಿತ್ತಳೆ ಫೋನ್ ಕೇಬಲ್, ನೀಲಿ ಕುಡಿಯುವ ನೀರು, ಹಸಿರು ಒಳಚರಂಡಿ. ನಮ್ಮ ಡಹೂನ್ ಜಾಗದಲ್ಲೇ ಕಿತ್ತಳೆ ಗೆರೆ ಬಂತು, ನಾಲ್ಕು ಅಡಿ ಸರಿಸಿದೆವು. ಸರಿಸಿದ ನಕ್ಷೆಯನ್ನು ಎಚ್‌ಒಎಗೆ ಕಳಿಸಿ ಇಮೇಲ್‌ನಲ್ಲಿ ಒಪ್ಪಿಗೆ ತರಿಸಿಕೊಂಡೆವು. ನಿಮ್ಮ ಸ್ವಂತ ಸ್ಪ್ರಿಂಕ್ಲರ್ ಪೈಪನ್ನು ಅವರು ಗುರುತಿಸುವುದಿಲ್ಲ, ಅದನ್ನು ನೀವೇ ನೋಡಿಕೊಳ್ಳಬೇಕು.

ನೆಡುವ ಕೆಲಸ ನಾವೇ ಮಾಡಿದೆವು. ಗುಂಡಿ ಅಗಲ ಇರಲಿ, ಬೇರಿನ ಮುದ್ದೆಯ ಎರಡು ಪಟ್ಟಿಗಿಂತ ಜಾಸ್ತಿ. ಆಳ ಮಾತ್ರ ಮುದ್ದೆಗಿಂತ ತುಸು ಕಡಿಮೆ. ಮೇಲಿನ ಬೇರು ಶುರುವಾಗುವ ಜಾಗ ನೆಲಕ್ಕಿಂತ ಒಂದೆರಡು ಇಂಚು ಮೇಲೆ ನಿಲ್ಲಬೇಕು. ಆಳಕ್ಕೆ ಹೂತರೆ ಬುಡ ಕೊಳೆಯುತ್ತದೆ. ಸುತ್ತಿಕೊಂಡ ಬೇರನ್ನು ಚೂಪಾದ ಗರಗಸದಿಂದ ಹೊರಗಿನ ಒಂದು ಇಂಚು ಸುತ್ತಲೂ ಕೆತ್ತಿದೆವು. ನೋಡಲು ಕ್ರೂರ ಅನ್ನಿಸುತ್ತದೆ, ಆದರೆ ಆಗಲೇ ಬೇರು ಹೊರಕ್ಕೆ ಹರಡುವುದು. ಮೇಲೆ ಎರಡು ಮೂರು ಇಂಚು ಮಲ್ಚ್ (ಮರದ ಚೂರಿನ ಹೊದಿಕೆ), ಕಾಂಡಕ್ಕೆ ತಾಗದ ಹಾಗೆ. ಸೇಬಲ್ ಪಾಮ್ ಮಾತ್ರ ಜೂನ್‌ನಲ್ಲಿ ಕೂಲಿಯವರಿಂದ ಹಾಕಿಸಿದೆವು. ಎಲೆಗಳನ್ನೆಲ್ಲ ಕತ್ತರಿಸಿ ಬರೀ ಕಂಬದ ಹಾಗೆ ತರುತ್ತಾರೆ. ಕಿತ್ತಾಗ ಕತ್ತರಿಸಿದ ಬೇರುಗಳು ಸಾಯುತ್ತವೆ, ಹೊಸವು ಬರುವವರೆಗೆ ಎಲೆ ಇದ್ದರೆ ನೀರು ಸಾಲದೆ ಮರ ಒಣಗುತ್ತದೆ. ಇದು ನೆಡುವಾಗಿನ ಮಾತು. ನಿಂತಿರುವ ಪಾಮ್‌ಗೆ ಚಂಡಮಾರುತ ಬರುತ್ತದೆ ಅಂತ ಹಸಿರೆಲೆ ಬೋಳಿಸುವವರ ಮಾತು ಕೇಳಬೇಡಿ, ಅದು ಮರವನ್ನು ಸೊರಗಿಸುತ್ತದೆ.

ನೀರಿನದು ದೊಡ್ಡ ಕೆಲಸ. ಇಲ್ಲಿ ಏಪ್ರಿಲ್, ಮೇ ಒಣ ತಿಂಗಳುಗಳು. ಕಾಂಡದ ದಪ್ಪದ ಪ್ರತಿ ಇಂಚಿಗೆ 2ರಿಂದ 3 ಗ್ಯಾಲನ್ ಲೆಕ್ಕ. ಮೊದಲ ಕೆಲವು ವಾರ ದಿನಾ, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ. ಸ್ಪ್ರಿಂಕ್ಲರ್‌ಗೆ ವಾರದಲ್ಲಿ ಇಂಥ ದಿನವೇ ಅಂತ ಕಟ್ಟುಪಾಡು ಇದ್ದರೂ ಹೊಸ ಗಿಡಕ್ಕೆ ಮೊದಲ 60 ದಿನ ವಿನಾಯಿತಿ ಇದೆ. ಪೈಪು ಹಿಡಿದು ಬುಡಕ್ಕೆ ಹಾಕುವುದೇ ಒಳ್ಳೆಯದು. ಮಗಳು ಆ ಕೆಲಸ ತನ್ನದು ಅಂತ ತೆಗೆದುಕೊಂಡಳು.

ಸಮುದ್ರದ ಹತ್ತಿರ ಇರುವವರಿಗೆ ಒಂದು ಮಾತು ಬೇರೆ ಹೇಳಬೇಕು. ಪಿನೆಲಸ್ ಕೌಂಟಿಯ ದಡದಲ್ಲಿರುವ ನಮ್ಮ ಅಕ್ಕನಂಥ ಗೆಳತಿಯ ಅಂಗಳಕ್ಕೆ ಹೆಲೀನ್‌ನಲ್ಲಿ ಉಪ್ಪುನೀರು ನುಗ್ಗಿತ್ತು. ಮರಗಳು ಬೀಳಲಿಲ್ಲ, ನಿಂತಲ್ಲೇ ಕಂದು ಬಣ್ಣಕ್ಕೆ ತಿರುಗಿದವು. ಅವರು ಅವನ್ನು ಕೂಡಲೇ ಕಡಿಸಲಿಲ್ಲ. ಸಿಹಿನೀರು ಚೆನ್ನಾಗಿ ಹಾಯಿಸಿ ಉಪ್ಪು ಇಳಿಸಿದರು, ವಸಂತದವರೆಗೆ ಕಾಯ್ದರು. ಕೆಲವು ಚಿಗುರಿದವು. ಚಿಗುರದವುಗಳ ಜಾಗಕ್ಕೆ ಉಪ್ಪು ತಡೆಯುವ ಗಂಬೋ ಲಿಂಬೋ, ಸೀ ಗ್ರೇಪ್ ತಂದರು. ಅವರ ಅಂಗಳಕ್ಕೆ ಅದೇ ಸರಿ, ನಮ್ಮದಕ್ಕೆ ಅಲ್ಲ. ಯಾರದೋ ಪಟ್ಟಿ ಹಿಡಿದು ನರ್ಸರಿಗೆ ಹೋಗಬೇಡಿ, ನನ್ನದನ್ನೂ.

ಬಿದ್ದ ಮರ, ನಿಂತ ಮರ, ಬುಡ, ಬೇಲಿ, ಪೈಪು, ಹೊಸ ಗಿಡಗಳು ಎಲ್ಲ ಸೇರಿ ನಮಗೆ 8,000 ಡಾಲರಿಗೆ ಸ್ವಲ್ಪ ಕಡಿಮೆ ಆಯಿತು. ಅದರಲ್ಲಿ ಹೊಸ ಗಿಡಗಳ ಪಾಲು ಬಹಳ ಸಣ್ಣದು. ಮುಂದಿನ ಎರಡು ಮೂರು ವರ್ಷ ಆರ್ಬರಿಸ್ಟ್ ಒಮ್ಮೊಮ್ಮೆ ಬಂದು ಮ್ಯಾಗ್ನೋಲಿಯಾ, ಸೈಪ್ರಸ್, ಹಾಲಿಯ ನಡುಗಾಂಡಕ್ಕೆ ಪೈಪೋಟಿ ಕೊಡುವ ಕವಲುಗಳನ್ನು ಸವರಬೇಕು. ಎಳೆಯದರಲ್ಲಿ ಸವರಿದರೆ ಕತ್ತರಿ ಸಾಕು, ಬಲಿತ ಮೇಲೆ ಗರಗಸ ಬೇಕು. ಆಸರೆಗೆ ಕಟ್ಟಿದ ಗೂಟಗಳನ್ನು ವರ್ಷದೊಳಗೆ ಬಿಚ್ಚಬೇಕು, ಇಲ್ಲದಿದ್ದರೆ ಕಾಂಡ ಗಟ್ಟಿಯಾಗುವುದಿಲ್ಲ. ಆರ್ಬರಿಸ್ಟ್ ಪತ್ರ, ಎಚ್‌ಒಎ ಒಪ್ಪಿಗೆ, 811 ಟಿಕೆಟ್ ನಂಬರ್, ನರ್ಸರಿ ರಸೀದಿ, ಹೊಸ ಗಿಡಗಳ ಫೋಟೋ ಎಲ್ಲವನ್ನೂ ಒಂದೇ ಫೈಲಿನಲ್ಲಿ ಹಾಕಿ ಫೋನಿನಲ್ಲೂ ಒಂದು ಪ್ರತಿ ಇಟ್ಟಿದ್ದೇನೆ. ಎಚ್‌ಒಎ ಸಮಿತಿಯವರು ಬದಲಾಗುತ್ತಾರೆ, ಹೊಸಬರು ಬಂದು ಕೇಳಿದರೆ ತೋರಿಸಲು ಕಾಗದ ಬೇಕಾಗುತ್ತದೆ.